ತಾತ ಕಾಡು ಕಡಿದದ್ದಕ್ಕೆ ಕಾಗದ ಎಲ್ಲಿ?

ಕನಕಪುರ: ದೊಡ್ಡಆಲಹಳ್ಳಿ ದಾಟಿ ಸಂಗಮದ ಕಡೆ ಹೋದರೆ ಹೊಲ ಮುಗಿದು ಕಾಡು ಶುರುವಾಗುತ್ತದೆ. ಯಾವುದು ಎಲ್ಲಿ ಮುಗಿಯಿತು ಎಂಬುದೇ ಕಾಡಂಚಿನ ಹಳ್ಳಿಗಳ ಹಳೇ ತಕರಾರು. ‘ನಮ್ ತಾತ ಕಾಡು ಕಡಿದು ರಾಗಿ ಬಿತ್ತಿದ ಜಮೀನು ಕಣಪ್ಪಾ’ ಎಂಬ ಮಾತು ಈ ಸೀಮೆಯ ಯಾವ ಜಗಲಿಯಲ್ಲಾದರೂ ಕೇಳಿಸೀತು. ಸರ್ಕಾರ ಮಾತಿಗೆ ಬಗ್ಗುವುದಿಲ್ಲ, ಕಾಗದ ಕೇಳುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲಂತೂ ತಾತನನ್ನು ಹುಡುಕುವುದು ಹೊಟ್ಟೆಪಾಡಿನ ವಿಷಯವಾಗಿದೆ. ಇರುಳಿಗರಂಥ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡನ್ನು ನಂಬಿ ಅಲ್ಲಿದ್ದರೆಂದು ತೋರಿಸಿದರೆ ಆಯಿತು. ಮಿಕ್ಕವರು ಆ ತಾರೀಖಿಗೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದಕ್ಕೆ ಪುರಾವೆ ಒದಗಿಸಬೇಕು. ಲೆಕ್ಕ ಹಾಕಿ ಸ್ವಾಮಿ, 1930ಕ್ಕೆ ಹೋಗಿ ನಿಲ್ಲುತ್ತದೆ!

1931ರ ಜನಗಣತಿ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದರಲ್ಲಿ ತಾತ ಸಿಕ್ಕುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರಲ್ಲೇ ತಲೆ ಎಣಿಸಿದರು. ಅಚ್ಚಾಗಿದ್ದು ಒಟ್ಟು ಲೆಕ್ಕ ಮಾತ್ರ. ಮನೆಮನೆಯ ಹೆಸರು ಬರೆದ ಪಟ್ಟಿ ನೋಡುವ ಹಕ್ಕು ಯಾರಿಗೂ ಇಲ್ಲವೆಂದು 1948ರ ಜನಗಣತಿ ಕಾಯ್ದೆಯೇ ಹೇಳುತ್ತದೆ. ಹಾಗೆಂದು ಒಟ್ಟು ಲೆಕ್ಕ ಕೆಲಸಕ್ಕೆ ಬಾರದ್ದಲ್ಲ. 1871ರಲ್ಲಿ 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನ 1881ಕ್ಕೆ 41 ಲಕ್ಷ 86 ಸಾವಿರಕ್ಕೆ ಇಳಿದರು. ನಡುವೆ 1876ರಿಂದ 78ರವರೆಗಿನ ಬರ. ‘ನಮ್ಮೋರು ಬರದಾಗೆ ಗುಳೆ ಬಂದೋರು’ ಎಂಬ ಮನೆತನದ ಕತೆಗಳಿಗೆ ಈ ಅಂಕಿ ಒಂದು ಹಿನ್ನೆಲೆ ಕೊಡುತ್ತದೆ, ಅಷ್ಟೇ.

ಹೆಸರು ಬೇಕಾದರೆ ಜಮೀನಿನ ಕಡತಕ್ಕೇ ಕೈಹಾಕಬೇಕು. ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಸರಪಳಿ ಎಳೆದು ಅಳೆದು, ಸರ್ವೆ ನಂಬರು ಹಾಕಿ, ಖರಾಬು ಕಳೆದು, ಕಂದಾಯ ಕಟ್ಟಿದರು. ಹುಡುಕುವವರು ಈಗಿನ ಪಹಣಿಯಿಂದ ಹಿಂದಕ್ಕೆ ನಡೆಯಬೇಕು. ಭೂಮಿ ಕಂಪ್ಯೂಟರಿನಲ್ಲಿ ಸಿಕ್ಕುವುದು ಇತ್ತೀಚಿನ ಇಪ್ಪತ್ತು ಚಿಲ್ಲರೆ ವರ್ಷದ್ದು. ಅದರ ಹಿಂದೆ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರು, ಇಂಡೆಕ್ಸ್ ಆಫ್ ಲ್ಯಾಂಡ್ ಪುಸ್ತಕ, ಸರ್ವೆಯವರ ಟಿಪ್ಪಣಿ ಮತ್ತು ಆಕಾರಬಂದು. ಪೌತಿ ಖಾತೆ ಆಗಿದ್ದರೆ ಪುಣ್ಯ: ಯಾರು ಸತ್ತು ಯಾರ ಹೆಸರಿಗೆ ಬಂತೆಂದು ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕುತ್ತದೆ. ತಾತನ ಹೆಸರಲ್ಲೇ ಖಾತೆ ಬಿಟ್ಟುಕೊಂಡು ಉಳುವವರೂ ಕಮ್ಮಿಯಿಲ್ಲ. ಸೋಮಾರಿತನವೂ ಒಮ್ಮೊಮ್ಮೆ ಪುರಾವೆಯಾಗುತ್ತದೆ!

ಹಳೇ ಕಾಗದ ಹುಡುಕುವಾಗ ‘ಕಾನಕಾನಹಳ್ಳಿ ತಾಲ್ಲೂಕು’ ಎಂದಿದ್ದರೆ ಗಾಬರಿ ಬೇಡ, ಅದು ಈಗಿನ ಕನಕಪುರವೇ. ಜಿಲ್ಲೆಯ ಜಾಗದಲ್ಲಿ ಬೆಂಗಳೂರು ಎಂದಿರುತ್ತದೆ. ರಾಮನಗರ ಜಿಲ್ಲೆ ಆದದ್ದು 2007ರಲ್ಲಿ. ಶಾನುಭೋಗಿಕೆ 1963ರಲ್ಲಿ ಹೋಯಿತು, ಅಲ್ಲಿಯವರೆಗಿನ ಲೆಕ್ಕವೆಲ್ಲ ಶಾನುಭೋಗರ ಕೈಬರಹ. ಸಂಸ್ಥಾನ ಕಾಲದ ಸರ್ಕಾರಿ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ.

ಈ ಪುಸ್ತಕಗಳಿಗೂ ಒಂದು ಕುರುಡಿದೆ. ಅವು ಕಾಣುವುದು ಕಂದಾಯ ಕಟ್ಟಿದವನನ್ನು. ಜೊತೆಗೆ ಕಲ್ಲು ಹೊತ್ತು ಬದು ಹಾಕಿದ ಅಜ್ಜಿಯ ಹೆಸರು ಅಲ್ಲಿ ಸಿಕ್ಕುವುದೇ ಅಪರೂಪ. ಜೀತದವನ ಹೆಸರು ಬರುವುದಾದರೂ ಹೇಗೆ? ಖಾತೆಯೇ ಇಲ್ಲದೆ ಕಾಡೊಳಗೆ ಉತ್ತವನದೂ ಅದೇ ಗತಿ. ವಿಚಿತ್ರವೆಂದರೆ ಪುರಾವೆ ತೀರಾ ಜರೂರಾಗಿರುವುದು ಇವರಿಗೇ.

ಕಾಯ್ದೆಯ ನಿಯಮ ಮಾತ್ರ ಈ ವಿಚಾರದಲ್ಲಿ ಕಚೇರಿಗಳಿಗಿಂತ ಉದಾರ. ಗೆಜೆಟಿಯರ್, ಜನಗಣತಿ, ಸರ್ವೆ ವರದಿ, ನಕ್ಷೆ ಎಲ್ಲ ನಡೆಯುತ್ತದೆ. ಹಳೇ ದಾಖಲೆಯಲ್ಲಿರುವ ಹೆಸರಿಗೆ ತಾಳೆಯಾಗುವ ವಂಶವೃಕ್ಷ ನಡೆಯುತ್ತದೆ. ಹಳೇ ಬಾವಿ, ಸಮಾಧಿ, ದೇವರ ಜಾಗವೂ ಸಾಕ್ಷಿಯೇ. ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಇರಬೇಕು. ಅರ್ಜಿ ಹೋಗಬೇಕಾದ್ದು ಮೊದಲು ಗ್ರಾಮಸಭೆಗೆ.

ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೂ ಪುರಾವೆಯೇ, ಆದರೆ ಆ ಹಿರಿಯರು ಅರ್ಜಿದಾರರಾಗಿರಬಾರದು. 1930ನ್ನು ಕಣ್ಣಾರೆ ಕಂಡವರಿಗೆ ಈಗ ತೊಂಬತ್ತೈದರ ಮೇಲಾಗಿದೆ.