ಕೋಳಿ ಕುಂಟಿದರೆ, ಕತ್ತಿ ಹಿಡಿಯುವ ಮೊದಲು

ಭೀಮಾ ತೀರದ ಮಣ್ಣೂರಿನಂತಹ ಹಳ್ಳಿಗಳಲ್ಲಿ ಹಿತ್ತಲಲ್ಲಿ ನಾಲ್ಕೈದು ಜವಾರಿ ಕೋಳಿ ಸಾಕುವುದು ಸಾಮಾನ್ಯ. ಅವುಗಳ ಆರೈಕೆ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದು. ಕೋಳಿಯೊಂದು ಕುಂಟಿದರೆ ಅಥವಾ ಕುಸಿದು ಕುಳಿತರೆ, "ಸತ್ತರೆ ಹರಾಮ್ ಆಗುತ್ತದೆ, ಈಗಲೇ ಝಬಹ್ ಮಾಡಿಬಿಡಿ" ಎನ್ನುವವರುಂಟು. ಈ ಅವಸರದಿಂದ ಎರಡು ನಷ್ಟ: ಗುಣವಾಗಬಹುದಾದ ಕೋಳಿ ಕೈತಪ್ಪುತ್ತದೆ, ಇಲ್ಲವೇ ರೋಗದ ಕೋಳಿ ಅಡುಗೆಮನೆಗೆ ಬರುತ್ತದೆ.

ಮೊದಲು ಕುಂಟುವ ಕೋಳಿಯನ್ನು ಬೇರೆ ಮಾಡಿ, ಒಣ ಹುಲ್ಲಿನ ಮೇಲೆ ಇರಿಸಿ. ನೀರು, ಕಾಳು ಕೊಕ್ಕಿಗೆ ಎಟಕುವಂತಿರಲಿ. ಎದ್ದು ಹೋಗಲಾಗದ ಕೋಳಿ ಬಾಯಾರಿಕೆಯಿಂದಲೇ ಸಾಯಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಬಳಿಕ ಈ ಲಕ್ಷಣಗಳನ್ನು ಗಮನಿಸಿ.

ಅಂಗಾಲಲ್ಲಿ ಬಾವು, ಕಪ್ಪು ಹೊಪ್ಪಳೆ: ಮುಳ್ಳು ಚುಚ್ಚಿ ಅಥವಾ ಎತ್ತರದಿಂದ ಜಿಗಿದು ಆದ ಗಾಯಕ್ಕೆ ಸೋಂಕು ತಗುಲಿರುತ್ತದೆ. ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಬಟ್ಟೆ ಕಟ್ಟಿ. ಕೀವು ಆಳದಲ್ಲಿದ್ದರೆ ಮನೆಯಲ್ಲಿ ಕೊಯ್ಯಬೇಡಿ, ಪಶುವೈದ್ಯರಿಗೆ ತೋರಿಸಿ.

ಮರಿಗಳ ಬೆರಳು ಒಳಕ್ಕೆ ಮಡಚಿಕೊಂಡಿದ್ದರೆ: ಇದು ಹೆಚ್ಚಾಗಿ ಬಿ2 ಜೀವಸತ್ವದ ಕೊರತೆ. ಬರೀ ನುಚ್ಚು ತಿಂದು ಬೆಳೆಯುವ ಮರಿಗಳಲ್ಲಿ ಕಾಣುತ್ತದೆ. ವೈದ್ಯರನ್ನು ಕೇಳಿ ಬಿ ಕಾಂಪ್ಲೆಕ್ಸ್ ಹನಿ ಕೊಡಿ, ಸೊಪ್ಪು ಮತ್ತು ಬೇಯಿಸಿದ ಮೊಟ್ಟೆಯನ್ನೂ ತಿನ್ನಿಸಿ. ಬೇಗ ಆರಂಭಿಸಿದರೆ ಮರಿ ಎದ್ದು ಓಡಾಡುತ್ತದೆ. ಆಹಾರಕ್ಕೂ ಕಾಲಿನ ಬಲಕ್ಕೂ ಇರುವ ನಂಟು ಹಳೆಯ ಪಾಠ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿ ತಿಂದಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ಆ ಜಾಡಿನಲ್ಲೇ ಬಿ1 ಜೀವಸತ್ವ ಪತ್ತೆಯಾಯಿತು; 1929ರಲ್ಲಿ ಅವರಿಗೆ ನೊಬೆಲ್ ಸಂದಿತು.

ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿದ್ದರೆ: ಇದು ಮಾರೆಕ್ಸ್ ರೋಗದ ಗುರುತು. ಹಂಗೇರಿಯ ಪಶುವೈದ್ಯ ಜೋಸೆಫ್ ಮಾರೆಕ್ 1907ರಲ್ಲಿ ಇದನ್ನು ವಿವರಿಸಿದರು. ವೈರಸ್ಸಿನಿಂದ ಬರುವ ಈ ರೋಗಕ್ಕೆ ಔಷಧಿಯಿಲ್ಲ. ಮರಿ ಹುಟ್ಟಿದ ಮೊದಲ ದಿನವೇ ಲಸಿಕೆ ಹಾಕಿಸಬೇಕು. ಮರಿ ಕೊಳ್ಳುವಾಗ ಇದನ್ನು ಕೇಳಿ. ಮನುಷ್ಯರಿಗೆ ಇದು ತಗಲುವುದಿಲ್ಲ.

ಕಾಲು, ರೆಕ್ಕೆ, ಕತ್ತು ಜೋಲುಬಿದ್ದರೆ: ಕೊಳೆತ ಹೆಣ ಅಥವಾ ಅದರ ಹುಳು ತಿಂದು ವಿಷವೇರಿರಬಹುದು. ಹೊಳೆಯ ನೆರೆ ಇಳಿದ ಮೇಲೆ ಉಳಿಯುವ ಸತ್ತ ಪ್ರಾಣಿಗಳನ್ನೂ ಬಕ್ರೀದ್ ನಂತರದ ತ್ಯಾಜ್ಯವನ್ನೂ ಆಳವಾಗಿ ಹೂಳಿ.

ಕತ್ತು ತಿರುಚಿ, ಹಸಿರು ಭೇದಿಯಾಗಿ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ: ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ, ಇರಬಹುದು. ಒಂದರಿಂದ ಇಡೀ ಗುಂಪಿಗೆ ಹಬ್ಬುತ್ತದೆ. ಇದಕ್ಕೂ ಮದ್ದಿಲ್ಲ, ಲಸಿಕೆಯೇ ಕಾವಲು: ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹನಿ, ಸುಮಾರು 8 ವಾರಕ್ಕೆ ಚುಚ್ಚುಮದ್ದು. ನಡುವಿನ ಹಾಗೂ ಮುಂದಿನ ಲಸಿಕೆಗಳ ದಿನವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಬರಿಗೈಯಲ್ಲಿ ಮುಟ್ಟದೆ ತಕ್ಷಣ ತಿಳಿಸಿ, ಹಕ್ಕಿಜ್ವರವೂ ಆಗಿರಬಹುದು. ಪಶುವೈದ್ಯ ಸಹಾಯವಾಣಿ 1962.

ಇನ್ನು ಝಬಹ್ ಮಾತು. ಕುರ್‌ಆನ್ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಜೊತೆಗೆ ತಯ್ಯಿಬ್, ಅಂದರೆ ಶುದ್ಧವಾದುದು, ಎಂಬ ಪದವನ್ನೂ ಬಳಸಿದೆ. ಕಾರಣ ತಿಳಿಯದ ರೋಗದಿಂದ ನರಳುವ ಕೋಳಿಯನ್ನು ಕೊಯ್ದು ಮಕ್ಕಳ ತಟ್ಟೆಗೆ ಬಡಿಸಬೇಡಿ. ನೆರೆಯವರಿಗೆ ಕೊಡುವುದೂ ಸಂತೆಯಲ್ಲಿ ಮಾರುವುದೂ ಬೇಡ. ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಮಾಂಸ, ಮೊಟ್ಟೆ ತಿನ್ನಬಾರದೆಂದು ವೈದ್ಯರನ್ನೇ ಕೇಳಿ. ಸತ್ತರೆ ನಾಯಿ ಅಗೆಯದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಒಂದು ಕೋಳಿಯ ಬೆಲೆ ಹೋದರೂ ಉಳಿದವು ಬದುಕುತ್ತವೆ, ಮನೆಮಂದಿಯೂ ಆರೋಗ್ಯವಾಗಿರುತ್ತಾರೆ.