ಸುತ್ತು ಬಂದ ದಾರಿ

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡ ಹತ್ತಿದರೆ ಬಂಡೆಗಳ ಮೇಲೆ ನುಣ್ಣಗಿನ ತಗ್ಗುಗಳು ಕಾಣುತ್ತವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ಬದುಕಿದವರು ಕರಿಕಲ್ಲಿನ ಕೊಡಲಿಗಳನ್ನು ತಿಕ್ಕಿ ತಿಕ್ಕಿ ಹರಿತ ಮಾಡಿದ ಗುರುತು ಅವು. ಕೈ ಮುಂದೆ ಹೋಗಬೇಕು, ನಿಲ್ಲಬೇಕು, ಹಿಂದೆ ಬರಬೇಕು, ಮತ್ತೆ ನಿಲ್ಲಬೇಕು. ಕೈ ಗಳಿಸಿದ ವೇಗವನ್ನು ಪ್ರತಿ ಸಲ ಕೈಯೇ ಕಳೆದು, ಮತ್ತೆ ಹೊಸದಾಗಿ ಗಳಿಸಬೇಕು.

ಈ ನಿಂತು ಹೊರಡುವ ದುಡಿಮೆಯಿಂದ ನಿಲ್ಲದೆ ಸುತ್ತುವ ದುಡಿಮೆಗೆ ನಾವು ಬಂದದ್ದು ಹೇಗೆ? ಉತ್ತರದ ಚೂರುಗಳು ಇದೇ ಸೀಮೆಯ ಮಣ್ಣಿನಲ್ಲಿ, ಕಲ್ಲಿನಲ್ಲಿ, ಅಡುಗೆಮನೆಯಲ್ಲಿ ಬಿದ್ದಿವೆ.

ಮೊದಲ ಚೂರು ಮಡಕೆಯದು. ಸಂಗನಕಲ್ಲಿನ ಅಗೆತದ ಫಲವನ್ನು ಪುರಾತತ್ತ್ವಜ್ಞ ಬಿ. ಸುಬ್ಬರಾವ್ 1948ರಲ್ಲಿ ಪುಸ್ತಕವಾಗಿ ತಂದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದರು. ಈ ನೆಲದ ಹಳೆಯ ಪದರಗಳ ಮಡಕೆಗಳು ಹೆಚ್ಚಾಗಿ ಕೈಯಲ್ಲೇ ತಟ್ಟಿ ಮಾಡಿದವು. ಕೆಲವು ಮಾತ್ರ ನಿಧಾನ ತಿರುಗುವ ಮಣೆಯ ಮೇಲೆ ರೂಪುಗೊಂಡವು. ಕಬ್ಬಿಣ ಕಾಲಿಟ್ಟ ಕಾಲಕ್ಕೆ ಬಂದರೆ, ಚಕ್ರದ ಮೇಲೆ ತಿರುಗಿಸಿದ ಕಪ್ಪು-ಕೆಂಪು ಪಾತ್ರೆಗಳು ಸಿಗುತ್ತವೆ. ಇಂಥ ಪಾತ್ರೆಯ ಒಳಮೈಯಲ್ಲಿ ಬೆರಳು ಬಿಟ್ಟ ಸಮಾಂತರ ಗೆರೆಗಳಿರುತ್ತವೆ. ಅಲ್ಲಿ ಬೆರಳು ನಿಂತಿದೆ, ಮಣ್ಣು ಓಡಿದೆ.

ನಮ್ಮ ಕುಂಬಾರರ ತಿಗರಿಯನ್ನು ನೋಡಿ. ಅದರ ತೂಕವೆಲ್ಲ ಅಂಚಿನಲ್ಲಿ. ಇದು ಅಂದಕ್ಕೆ ಮಾಡಿದ್ದಲ್ಲ. ತಿರುಗುವ ವಸ್ತು ತನ್ನ ವೇಗವನ್ನು ಬಿಡದೆ ಹಿಡಿದುಕೊಳ್ಳುವ ಹಟ ಬರೀ ತೂಕವನ್ನು ನೆಚ್ಚಿಲ್ಲ, ಆ ತೂಕ ನಡುವಿನಿಂದ ಎಷ್ಟು ದೂರ ಕೂತಿದೆ ಎಂಬುದನ್ನೂ ನೆಚ್ಚಿದೆ. ಅದೇ ತೂಕವನ್ನು ಎರಡು ಪಟ್ಟು ದೂರ ಸರಿಸಿದರೆ ಹಟ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಕುಂಬಾರ ಕೋಲು ಸಿಕ್ಕಿಸಿ ನಾಲ್ಕು ಸುತ್ತು ಜೋರಾಗಿ ತಿರುಗಿಸಿ, ಕೋಲು ಬದಿಗಿಟ್ಟು, ಎರಡೂ ಕೈಯನ್ನು ಮಣ್ಣಿಗೆ ಕೊಡಬಲ್ಲ. ತೋಳಿನ ಬಲವನ್ನು ಚಕ್ರ ಸಾಲ ಪಡೆದು ಕಂತಿನಲ್ಲಿ ತೀರಿಸುತ್ತದೆ.

ಎರಡನೆಯ ಚೂರು ಒಂದು ಮಾತಿನಲ್ಲಿದೆ. ಅವ್ವ ಮೊಸರು ಕಡೆಯುತ್ತಾಳೆ, ಶಿಲ್ಪಿ ಮೂರ್ತಿ ಕಡೆಯುತ್ತಾನೆ. ಬೆಣ್ಣೆಗೂ ಕಲ್ಲಿಗೂ ಕನ್ನಡ ಒಂದೇ ಕ್ರಿಯಾಪದವನ್ನು ಏಕೆ ಇಟ್ಟುಕೊಂಡಿತು? ತಮಿಳಿನಲ್ಲಿ ಇದೇ ಧಾತು ಮೊಸರು ಕಡೆಯುವುದಕ್ಕೂ ಇದೆ, ಯಂತ್ರಕ್ಕೆ ಕೊಟ್ಟು ತಿರುಗಿಸಿ ಕೊರೆಯುವ ಕೆಲಸಕ್ಕೂ ಇದೆ. ಕಡೆಗೋಲಿಗೆ ಸುತ್ತಿದ ಹಗ್ಗವನ್ನು ಒಮ್ಮೆ ಈ ಕೈ, ಒಮ್ಮೆ ಆ ಕೈ ಎಳೆಯುತ್ತದೆ. ಕೋಲು ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಿರುಗುತ್ತದೆ. ವಸ್ತುವನ್ನು ಸುತ್ತಿಸಿ ಉಳಿ ತಾಗಿಸುವ, ಹಗ್ಗದಿಂದ ಆಡಿಸುವ ಹಳೆಯ ತಿರುಗಣಿಯ (ಲೇತ್) ಕೆಲಸವೂ ಥೇಟ್ ಇದೇ. ಇಲ್ಲಿ ಹಿಂದುಮುಂದಾಟ ಇನ್ನೂ ಸತ್ತಿಲ್ಲ, ಆದರೆ ಸುತ್ತು ಹುಟ್ಟಿದೆ.

ಆ ಸುತ್ತು ದೊಡ್ಡದಾದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣದವರ ಶಿಲ್ಪಿಗಳು ಉಳಿಗೆ ಮೆತ್ತಗೆ ಸಿಗುವ ಬಳಪದ ಕಲ್ಲಿಗೆ ಹೊರಳಿದರು. ಬಳೆ ಪೇರಿಸಿದಂಥ, ಗಂಟೆ ಬೋರಲು ಹಾಕಿದಂಥ, ಹೊಳಪಿನ ಕಂಬಗಳು ಆಗ ಬಂದವು. ಹಳೆಯ ಬಳ್ಳಾರಿ ಜಿಲ್ಲೆಯಲ್ಲಿದ್ದ ಬಾಗಳಿಯ ಕಲ್ಲೇಶ್ವರ ಗುಡಿಯ ತೆರೆದ ಮಂಟಪದಲ್ಲಿ 50 ಕಂಬಗಳಿವೆ. ಕಂಬದ ಮೈಮೇಲಿನ ಕೂದಲೆಳೆಯಂಥ ವೃತ್ತಗಳು ತಿರುಗಣಿಯ ಸಾಕ್ಷಿ. ನಿಲ್ಲಿಸಿ ತಿರುಗಿಸಿದರೋ ಮಲಗಿಸಿಯೋ ಎಂಬ ವಾದ ಇದ್ದೇ ಇದೆ.

ಅರ್ಧ ಮೀಟರ್ ಅಡ್ಡಳತೆಯ, ಒಂದು ಮೀಟರ್ ಎತ್ತರದ ಬಳಪದ ಕಲ್ಲಿನ ದಿಂಡು ಅರ್ಧ ಟನ್ನಿಗೂ ಹೆಚ್ಚು ತೂಗುತ್ತದೆ. ಅದನ್ನು ಹೊರಡಿಸುವುದೇ ಕಷ್ಟ. ಹೊರಟ ಮೇಲೆ ಅದೇ ತೂಕ ಶಿಲ್ಪಿಯ ಗೆಳೆಯ: ಉಳಿ ತಾಗಿದರೂ ಕಲ್ಲು ಬೆಚ್ಚುವುದಿಲ್ಲ, ವೇಗ ಏರಿಳಿಯುವುದಿಲ್ಲ. ಉಳಿಯನ್ನು ಒಂದೆಡೆ ಗಟ್ಟಿ ಹಿಡಿದರೆ ಸಾಕು, ಕಲ್ಲೇ ಸುತ್ತಿ ಬಂದು ತನ್ನನ್ನು ತಾನು ದುಂಡಗೆ ಮಾಡಿಕೊಳ್ಳುತ್ತದೆ.

ಮೂರನೆಯ ಚೂರು ಕುರುಗೋಡಿನ ತೇರಿನಲ್ಲಿದೆ. ಕುರುಗೋಡು ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿತ್ತು. ಇಲ್ಲಿನ ದೊಡ್ಡ ಬಸವೇಶ್ವರ ಕದಲದೆ ಕೂತ ಏಕಶಿಲೆ. ವರ್ಷಕ್ಕೊಮ್ಮೆ ಅವನ ತೇರು ಉರುಳುತ್ತದೆ. ತೇರಿಗೆ ಎತ್ತಿನ ಬಂಡಿಯ ನೊಗದಂತೆ ದಿಕ್ಕು ಬದಲಿಸುವ ಸಲಕರಣೆ ಇಲ್ಲ. ಒಂದು ಬದಿಯ ಗಾಲಿಗೆ ಮರದ ತುಂಡು ಕೊಟ್ಟು ತಡೆದರೆ ಇನ್ನೊಂದು ಬದಿಯ ಗಾಲಿ ಮುಂದೆ ಸರಿದು ಇಡೀ ತೇರೇ ಹೊರಳುತ್ತದೆ. ಬದಿಗೊಂದು ವೇಗ ಬಂದರೆ ನಡುವಿನದು ಹೊರಳಲೇಬೇಕು.

ಈ ವೇಗದ ವ್ಯತ್ಯಾಸಕ್ಕೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಬೇರೆಯೇ ಕೆಲಸ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಬಂದ ಮೇಲೆ ಈ ಸೀಮೆ ಭತ್ತದ ನಾಡಾಯಿತು. ಭತ್ತ ಕುಟ್ಟುವ ಮನೆಯ ಒನಕೆಯೂ ಕೊಡಲಿ ತಿಕ್ಕಿದ ಕೈಯ ಜಾತಿಯದೇ: ಏರಬೇಕು, ನಿಲ್ಲಬೇಕು, ಇಳಿಯಬೇಕು. ಹೊಟ್ಟು ಬಿಡಿಸುವ ಹಲ್ಲರ್ ಯಂತ್ರ ಬಂದಾಗ ಕಬ್ಬಿಣದ ಉರುಳೆ ಸುತ್ತತೊಡಗಿತು, ಆದರೆ ನುಚ್ಚು ಹೆಚ್ಚಾಯಿತು. ಆಮೇಲೆ ಬಂದದ್ದು ರಬ್ಬರ್ ರೋಲರ್. ಎರಡು ಉರುಳೆಗಳು ಎದುರುಬದುರಾಗಿ ಸುತ್ತುತ್ತವೆ, ಒಂದು ಇನ್ನೊಂದಕ್ಕಿಂತ ಸುಮಾರು ಕಾಲುಭಾಗ ಜೋರಾಗಿ. ನಡುವೆ ಸಿಕ್ಕ ಕಾಳಿನ ಒಂದು ಮಗ್ಗುಲನ್ನು ಬೇಗದ ರಬ್ಬರು ಎಳೆದರೆ ಇನ್ನೊಂದು ಮಗ್ಗುಲನ್ನು ನಿಧಾನದ್ದು ಹಿಡಿದುಕೊಳ್ಳುತ್ತದೆ. ಜಜ್ಜುವುದಿಲ್ಲ, ಹೊಟ್ಟು ಅಂಗಿಯಂತೆ ಕಳಚುತ್ತದೆ. ಎರಡರ ವೇಗವೂ ಒಂದೇ ಆಗಿದ್ದರೆ ಕಾಳು ಬರಿದೆ ಅದುಮಿಸಿಕೊಂಡು ಕೆಳಗೆ ಬೀಳುತ್ತಿತ್ತು.

ಜೋರಾಗಿ ಸುತ್ತುವ ಉರುಳೆ ಬೇಗ ಸವೆಯುತ್ತದೆ. ಆಗ ಗಿರಣಿಯವರು ಎರಡನ್ನೂ ಬಿಚ್ಚಿ ಅದಲುಬದಲು ಮಾಡುತ್ತಾರೆ, ಸವೆತ ಸಮನಾಗಲೆಂದು. ನಿಂತು ಹೊರಡುವ ದಣಿವನ್ನು ಸುತ್ತು ನುಂಗಿತು, ಸವೆತ ಹಾಗೇ ಉಳಿಯಿತು. ಸಂಗನಕಲ್ಲಿನ ಬಂಡೆಯ ತಗ್ಗೂ ಈ ರಬ್ಬರಿನ ತಗ್ಗೂ ಒಂದೇ ಲೆಕ್ಕದವು. ಅಲ್ಲಿ ಅದಲುಬದಲು ಮಾಡಲು ಇನ್ನೊಂದು ಬಂಡೆ ಇತ್ತು, ಇಲ್ಲಿ ಇನ್ನೊಂದು ಉರುಳೆ.