ಬಸುರಿಯ ಕಾಲು ಬಾತರೆ ನೀರು ಬಿಡಿಸಬೇಡಿ

ಎಂಟು ತಿಂಗಳ ಬಸುರಿ. ಬೆಳಿಗ್ಗೆ ಸರಿಯಿದ್ದ ಕಾಲು ಸಂಜೆಯ ಹೊತ್ತಿಗೆ ಬಾತುಕೊಂಡು, ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ. ‘ಮೈಯಲ್ಲಿ ನೀರು ಜಾಸ್ತಿಯಾಗಿದೆ, ನೀರು ಕುಡಿಯೋದು ಕಡಿಮೆ ಮಾಡು, ಉಪ್ಪು ಬಿಡು’ ಎನ್ನುತ್ತಾರೆ ಮನೆಯ ಹಿರಿಯರು. ಹಾಗೆ ಮಾಡಿದರೆ ಊತ ಇಳಿಯುತ್ತದೆಯೇ ಎಂದು ಓದುಗರೊಬ್ಬರು ಮಗಳ ಪರವಾಗಿ ಕೇಳಿದ್ದಾರೆ. ಇಳಿಯುವುದಿಲ್ಲ. ಯಾಕೆ ಇಳಿಯುವುದಿಲ್ಲ ಎಂಬುದು ಅರ್ಥವಾದರೆ, ಏನು ಮಾಡಿದರೆ ಇಳಿಯುತ್ತದೆ ಎಂಬುದೂ ತಾನಾಗಿ ತಿಳಿಯುತ್ತದೆ.

ಮಂಡ್ಯದ ಕಡೆಯ ಮಣ್ಣಿನ ನಾಲೆಗಳನ್ನು ನೋಡಿ. ನಾಲೆ ತುಂಬಿ ಹರಿಯುವಾಗ ಏರಿಯ ಮೂಲಕ ಒಂದಿಷ್ಟು ನೀರು ಪಕ್ಕದ ಗದ್ದೆಗೆ ಬಸಿಯುತ್ತಲೇ ಇರುತ್ತದೆ. ಬಸಿದ ನೀರನ್ನು ಎತ್ತಿಕೊಂಡು ಹೋಗಲು ಬಸಿಗಾಲುವೆ ಇರುತ್ತದೆ. ಈಗ ಮುಂದೆಲ್ಲೋ ಗೇಟನ್ನು ಅರ್ಧ ಇಳಿಸಿದರು ಎನ್ನಿ. ಹಿಂದೆ ನೀರಿನ ಮಟ್ಟ ಏರುತ್ತದೆ, ಬಸಿಯುವುದೂ ಹೆಚ್ಚುತ್ತದೆ. ಬಸಿಗಾಲುವೆ ಎತ್ತುವುದಕ್ಕಿಂತ ಬಸಿಯುವುದೇ ಹೆಚ್ಚಾದಾಗ ಗದ್ದೆ ಜವುಗಾಗುತ್ತದೆ. ಕಾಲಿನ ಕೂದಲೆಳೆಯಂಥ ಲೋಮನಾಳಗಳೇ ಆ ನಾಲೆ, ದುಗ್ಧನಾಳಗಳೇ ಬಸಿಗಾಲುವೆ, ಕೆಳಹೊಟ್ಟೆಯ ದೊಡ್ಡ ಸಿರೆಗಳ ಮೇಲೆ ಕುಳಿತ ತುಂಬುಗರ್ಭವೇ ಆ ಗೇಟು. ಗದ್ದೆ ಜವುಗಾಯಿತೆಂದು ಊರಿನವರು ಕುಡಿಯುವ ನೀರು ಬಿಟ್ಟರೆ ಏನು ಪ್ರಯೋಜನ?

ಆದರೆ ನಾಲೆಗಿಲ್ಲದ ಒಂದು ಗುಣ ರಕ್ತನಾಳಕ್ಕಿದೆ. ಅದನ್ನು ಕಂಡುಹಿಡಿದ ಕಥೆ ನನಗೆ ಬಹಳ ಇಷ್ಟ. ಅಂಗಾಂಶಗಳ ನಡುವಿನ ನೀರು ಎಲ್ಲಿಂದ ಬರುತ್ತದೆ ಎಂಬುದು 19ನೇ ಶತಮಾನದ ಕೊನೆಯಲ್ಲಿ ದೊಡ್ಡ ಜಗಳವಾಗಿತ್ತು. ರಕ್ತದ ಒತ್ತಡಕ್ಕೆ ಸೋಸಿ ಬರುತ್ತದೆ ಎಂದಿದ್ದವನು ಕಾರ್ಲ್ ಲುಡ್ವಿಗ್. ಇಲ್ಲ, ಜೀವಕೋಶಗಳೇ ಅದನ್ನು ಸ್ರವಿಸುತ್ತವೆ ಎಂದವನು ಬ್ರೆಸ್ಲಾವಿನ ರುಡಾಲ್ಫ್ ಹೈಡೆನ್‌ಹೈನ್. ಲಂಡನ್ನಿನ ಗೈಸ್ ಆಸ್ಪತ್ರೆಯ ತರುಣ ಅರ್ನೆಸ್ಟ್ ಸ್ಟಾರ್ಲಿಂಗ್ 1892ರಲ್ಲಿ ಈ ಹೈಡೆನ್‌ಹೈನ್‌ನ ಪ್ರಯೋಗಾಲಯಕ್ಕೇ ಹೋಗಿ ಕೆಲಸ ಮಾಡಿದ. ಊರಿಗೆ ಮರಳಿ ಅವನ ವಾದವನ್ನೇ ಒಂದೊಂದಾಗಿ ಬಿಚ್ಚತೊಡಗಿದ. ನಾಯಿಯ ಒಂದು ಹಿಂಗಾಲಿಗೆ ಉಪ್ಪುನೀರು ಚುಚ್ಚಿ ಊದಿಸಿದ, ಇನ್ನೊಂದನ್ನು ಹಾಗೇ ಬಿಟ್ಟ. ಎರಡರಲ್ಲೂ ರಕ್ತವನ್ನು ಮತ್ತೆ ಮತ್ತೆ ಹರಿಸಿ ನೋಡಿದಾಗ, ಊದಿದ ಕಾಲಿನಿಂದ ಹೊರಬಂದ ರಕ್ತ ತೆಳ್ಳಗಾಗಿತ್ತು. ಅಂದರೆ ರಕ್ತ ಅಲ್ಲಿದ್ದ ನೀರನ್ನು ತನ್ನೊಳಗೆ ಎಳೆದುಕೊಂಡಿತ್ತು. ಹೀಗೆ ಎಳೆಯುವ ಶಕ್ತಿ ರಕ್ತದಲ್ಲಿನ ಪ್ರೋಟೀನುಗಳದ್ದು ಎಂದು 1896ರಲ್ಲಿ ಬರೆದ. ಒತ್ತಡ ನೀರನ್ನು ಹೊರಕ್ಕೆ ನೂಕುತ್ತದೆ, ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ; ಈ ಎರಡರ ನಡುವಿನ ಲೆಕ್ಕವೇ ಊತ. ಸೋರಿದ ನೀರಿನ ಬಹುಪಾಲು ರಕ್ತನಾಳಕ್ಕೆ ನೇರವಾಗಿ ಮರಳುವುದಿಲ್ಲ, ದುಗ್ಧನಾಳಗಳ ಮೂಲಕವೇ ಮರಳುತ್ತದೆ ಎಂದು 2010ರಲ್ಲಿ ಲೆವಿಕ್ ಮತ್ತು ಮೈಕೆಲ್ ಎಂಬ ವಿಜ್ಞಾನಿಗಳು ಸ್ಟಾರ್ಲಿಂಗ್‌ನ ಲೆಕ್ಕವನ್ನು ತಿದ್ದಿದರು. ಮೂಲ ಮಾತ್ರ ಇಂದಿಗೂ ಗಟ್ಟಿ.

ಬಸುರಿಯಲ್ಲಿ ಈ ಲೆಕ್ಕದ ಎರಡೂ ಕಡೆ ಬದಲಾಗುತ್ತವೆ. ಹೆರಿಗೆ ಹತ್ತಿರವಾಗುವಾಗ ಮೈಯ ಒಟ್ಟು ನೀರು ಆರರಿಂದ ಎಂಟು ಲೀಟರಿನಷ್ಟು ಹೆಚ್ಚಿರುತ್ತದೆ. ರಕ್ತದ ದ್ರವಭಾಗ ಶೇಕಡ 40ರಿಂದ 50ರಷ್ಟು ಏರಿರುತ್ತದೆ. ಪ್ರೋಟೀನು ಅದೇ ಪ್ರಮಾಣದಲ್ಲಿ ಏರದ ಕಾರಣ ರಕ್ತ ತೆಳುವಾಗಿ, ನೀರನ್ನು ಹಿಡಿದಿಡುವ ಸೆಳೆತ ಇಳಿಯುತ್ತದೆ. ಇತ್ತ ಅಂಗಾತ ಮಲಗಿದಾಗ ತೊಡೆಯ ಸಿರೆಯಲ್ಲಿ ಸುಮಾರು 10 ಸೆಂಟಿಮೀಟರ್ ನೀರಿನಷ್ಟಿರುತ್ತಿದ್ದ ಒತ್ತಡ ಕೊನೆಯ ತಿಂಗಳಲ್ಲಿ 20 ದಾಟುತ್ತದೆ. ತೋಳಿನ ಸಿರೆಗಳಲ್ಲಿ ಒತ್ತಡ ಬದಲಾಗುವುದಿಲ್ಲ. ಅದಕ್ಕೇ ಊತದ ಭಾರವೆಲ್ಲ ಕಾಲಿಗೇ ಬೀಳುವುದು.

ಇಷ್ಟು ನೀರನ್ನು ದೇಹ ತಪ್ಪಿ ಕೂಡಿಟ್ಟುಕೊಂಡದ್ದಲ್ಲ. ಮೂತ್ರಪಿಂಡಗಳು ಹಾರ್ಮೋನುಗಳ ಮಾತು ಕೇಳಿ ಉಪ್ಪನ್ನೂ ನೀರನ್ನೂ ಬೇಕೆಂದೇ ಉಳಿಸಿಕೊಂಡಿರುತ್ತವೆ, ಮಾಸಿಗೆ ಹರಿಯಬೇಕಾದ ರಕ್ತಕ್ಕಾಗಿ. 1967ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಥಾಮ್ಸನ್, ಹೈಟನ್ ಮತ್ತು ಬಿಲೆವಿಚ್ ಸಾವಿರಾರು ಬಸುರಿಯರ ದಾಖಲೆ ಕೂಡಿಸಿ ನೋಡಿದರು. ರಕ್ತದೊತ್ತಡ ಸರಿಯಿದ್ದು ಕಾಲು ಮಾತ್ರ ಬಾತವರ ಮಕ್ಕಳ ತೂಕ ಕೊಂಚ ಹೆಚ್ಚೇ ಇತ್ತು. ಈ ಒಂದು ಸಂಗತಿ ನಮ್ಮ ಪ್ರತಿ ಮನೆಗೂ ತಲುಪಬೇಕೆಂದು ನನ್ನಾಸೆ.

ವೈದ್ಯಲೋಕವೂ ಇದನ್ನು ಕಲಿತದ್ದು ತಡವಾಗಿ. 1950ರ ದಶಕದ ಕೊನೆಗೆ ಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆಗಳು ಬಂದವು. ಅಮೆರಿಕದಲ್ಲಿ ಎಷ್ಟೋ ಆರೋಗ್ಯವಂತ ಬಸುರಿಯರಿಗೆ ಅವನ್ನು ವಾಡಿಕೆಯಂತೆ ಕೊಟ್ಟರು, ಜೊತೆಗೆ ಉಪ್ಪಿಲ್ಲದ ಊಟ. ಸುಮಾರು 7,000 ಬಸುರಿಯರ ಮೇಲೆ ನಡೆದಿದ್ದ ಪ್ರಯೋಗಗಳನ್ನೆಲ್ಲ 1985ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಊತ ಇಳಿದಿತ್ತು, ಆದರೆ ಶಿಶುಗಳ ಜೀವ ಉಳಿದದ್ದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಊಟದ ಉಪ್ಪನ್ನು ಕಟ್ಟುನಿಟ್ಟಾಗಿ ಬಿಡಿಸಿದ್ದರಿಂದಲೂ ಲಾಭ ಕಂಡಿಲ್ಲ. ಹಪ್ಪಳ, ಉಪ್ಪಿನಕಾಯಿ ಮಿತವಾಗಿರಲಿ. ಸಾರಿಗೆ ಹಾಕುವ ಉಪ್ಪನ್ನು ಯಾಕೆ ಕಸಿಯಬೇಕು? ಬಾರ್ಲಿ ನೀರು, ಜೀರಿಗೆ ಕಷಾಯ ರುಚಿಸಿದರೆ ಕುಡಿಯಲಿ, ಅವು ಊತ ಇಳಿಸುತ್ತವೆಂದು ಮಾತ್ರ ನಂಬಿಕೊಳ್ಳುವುದು ಬೇಡ. ಮೂತ್ರ ಹೋಗಿಸುವ ಮಾತ್ರೆಯನ್ನು ಔಷಧದಂಗಡಿಯಿಂದ ತಾವಾಗಿ ತಂದು ನುಂಗುವುದಂತೂ ಖಂಡಿತ ಬೇಡ.

ಕೆಲಸಕ್ಕೆ ಬರುವ ಉಪಾಯಗಳೆಲ್ಲ ಒತ್ತಡದ ಲೆಕ್ಕಕ್ಕೇ ಸಂಬಂಧಿಸಿದವು. ಕದಲದೆ ನಿಂತಾಗ ಹೃದಯದಿಂದ ಹರಡಿನವರೆಗಿನ ರಕ್ತದ ಕಂಬ ಅಲ್ಲಿನ ಸಿರೆಗಳ ಮೇಲೆ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಒತ್ತಡ ಹೇರುತ್ತದೆ. ನಡೆಯಲು ಶುರುಮಾಡಿದರೆ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ಒತ್ತಡ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಗಾರ್ಮೆಂಟ್ಸ್‌ನಲ್ಲಿ ನಿಂತೇ ದುಡಿಯುವವರಿಗೂ ಕಂಪ್ಯೂಟರ್ ಮುಂದೆ ಕಾಲು ಇಳಿಬಿಟ್ಟು ಕೂರುವವರಿಗೂ ಸಂಜೆ ಕಾಲು ಭಾರವಾಗುವುದು ಈ ಪಂಪು ನಿಂತುಹೋಗುವುದರಿಂದ. ಗಂಟೆಗೊಮ್ಮೆ ನಾಲ್ಕು ಹೆಜ್ಜೆ ಹಾಕಬೇಕು, ಅದಾಗದಿದ್ದರೆ ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ವಿಶ್ರಾಂತಿಗೆ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಸರಿ. ಕೆಳ ಮಹಾಸಿರೆ ಬೆನ್ನುಮೂಳೆಯ ಬಲಕ್ಕಿರುವುದರಿಂದ ಎಡಮಗ್ಗುಲು ಇನ್ನೂ ಒಳ್ಳೆಯದು. ಬಿಗಿ ಕಾಲುಚೀಲ ಹಾಕುವುದಾದರೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ, ಊತ ಸೇರುವ ಮುನ್ನ ಹಾಕಬೇಕು.

ಎಲ್ಲಕ್ಕಿಂತ ಚೆಂದದ ಉಪಾಯ ನೀರಿಗಿಳಿಯುವುದು. ಎದೆಮಟ್ಟದ ನೀರಿನಲ್ಲಿ ನಿಂತವಳ ಹರಡಿನ ಮೇಲೆ ಸುಮಾರು 120 ಸೆಂಟಿಮೀಟರ್ ನೀರಿರುತ್ತದೆ. ಪಾದರಸದ ಲೆಕ್ಕದಲ್ಲಿ ಅದು ಸುಮಾರು 88 ಮಿಲಿಮೀಟರ್. ಒಳಗಿನ ರಕ್ತದ ಕಂಬ ಎಷ್ಟು ನೂಕುತ್ತದೋ ಹೊರಗಿನ ನೀರು ಹೆಚ್ಚುಕಡಿಮೆ ಅಷ್ಟೇ ಒತ್ತುತ್ತದೆ, ಅದೂ ಕೆಳಗೆ ಹೆಚ್ಚು, ಮೇಲೆ ಕಡಿಮೆ, ಬೇಕಾದ ಪ್ರಮಾಣದಲ್ಲೇ. ಬಸುರಿಯರ ಮೇಲಿನ ಚಿಕ್ಕ ಪ್ರಯೋಗಗಳಲ್ಲಿ ಹೀಗೆ ನಿಂತ ಮೇಲೆ ಕಾಲಿನ ಗಾತ್ರ ಇಳಿದದ್ದು ಕಂಡಿದೆ. ಈಜುಕೊಳ ಎಷ್ಟು ಜನರ ಕೈಗೆಟುಕುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಾಗೆಂದು ಕೆರೆ, ಹೊಳೆಗೆ ಒಬ್ಬಳೇ ಇಳಿಯುವ ಸಾಹಸ ಬೇಡ.

ಇನ್ನು ಕಾಲುಂಗುರ. ಬೆರಳು ಬಾತ ಮೇಲೆ ಅದು ಮಾಂಸದಲ್ಲಿ ಹೂತು ನೋಯಿಸುತ್ತದೆ. ಮುತ್ತೈದೆ ತೆಗೆಯಬಾರದೆಂಬ ಅಳುಕಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಸಹಿಸಿಕೊಂಡಿರುತ್ತಾರೆ. ಏಳನೇ ತಿಂಗಳಿಗೇ, ಸಲೀಸಾಗಿ ಬರುವಾಗಲೇ, ಮನೆಯ ಹಿರಿಯರು ಮುಂದೆ ನಿಂತು ತೆಗೆಸಿಡಬೇಕು. ಕೈಬೆರಳಿನ ಉಂಗುರಕ್ಕೂ ಇದೇ ಮಾತು.

ಹಾಗಾದರೆ ಯಾವ ಊತಕ್ಕೆ ಹೆದರಬೇಕು? ಒಂದೇ ಕಾಲು ಬಾತು, ನೋವು, ಬಿಸಿ, ಕೆಂಪು ಕಂಡರೆ ಆಳದ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸುರಿಯಲ್ಲಿ ಇದು ಹೆಚ್ಚಾಗಿ ಎಡಗಾಲಿಗೇ ಬರುತ್ತದೆ, ಆ ಬದಿಯ ಸಿರೆಯ ಮೇಲೆ ಬಲಬದಿಯ ಅಪಧಮನಿ ಅಡ್ಡ ಹಾಯುವುದರಿಂದ. ಅದನ್ನು ತಿಕ್ಕಿ ನೀವದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮುಖ, ಕೈ ಇದ್ದಕ್ಕಿದ್ದಂತೆ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಇವು ಬಸುರಿಯಲ್ಲಿ ರಕ್ತದೊತ್ತಡ ಏರುವ ಕಾಯಿಲೆಯಾದ ಗರ್ಭಿಣಿ ನಂಜಿನ ಸೂಚನೆಗಳಿರಬಹುದು. ಊತವೊಂದರಿಂದಲೇ ಈ ಕಾಯಿಲೆ ಗುರುತಿಸುವುದನ್ನು ತಜ್ಞರು 2000ದ ಹೊತ್ತಿಗೆ ಕೈಬಿಟ್ಟರು. ಊತವಿದ್ದವರಲ್ಲಿ ಬಹುಪಾಲು ಮಂದಿಗೆ ನಂಜಿರುವುದಿಲ್ಲ, ನಂಜಿರುವ ಕೆಲವರಿಗೆ ಊತವೇ ಇರುವುದಿಲ್ಲ. ನೋಡಬೇಕಾದದ್ದು ಬಿಪಿ: 140/90 ಮುಟ್ಟಿತೆಂದರೆ ವೈದ್ಯರ ಕಣ್ಗಾವಲು ಬೇಕು. ತಾಯಿ ಕಾರ್ಡಿನಲ್ಲಿ ಬಿಪಿಯ ಅಂಕಣ ಖಾಲಿ ಉಳಿಯದಂತೆ ನೋಡಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ರಕ್ತಹೀನತೆ ತೀವ್ರವಾದರೂ ಕಾಲು ಊದಬಹುದು. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇರುವಾಗ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮರೆಯುವಂತಿಲ್ಲ.

ಹೆರಿಗೆಯಾದ ಮೊದಲ ಕೆಲವು ದಿನ ಊತ ಇನ್ನೂ ಹೆಚ್ಚಬಹುದು, ಡ್ರಿಪ್ ಹಾಕಿದ್ದರಂತೂ ಹೆಚ್ಚು. ಒಂದೆರಡು ವಾರದಲ್ಲಿ ಮೂತ್ರದ ಮೂಲಕ ಅದೆಲ್ಲ ತಾನಾಗಿ ಹೊರಹೋಗುತ್ತದೆ. ನಮ್ಮಲ್ಲಿ ಇದೇ ಹೊತ್ತಿಗೆ ಬಾಣಂತಿಗೆ ‘ಹೊಟ್ಟೆ ಬರುತ್ತದೆ, ಮೈ ಊದುತ್ತದೆ’ ಎಂದು ನೀರು ಕಟ್ಟಿಬಿಡುತ್ತಾರೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ, ನೀರಿಲ್ಲದೆ ಅದು ಇನ್ನಷ್ಟು ದಪ್ಪಗಾಗುತ್ತದೆ. ಬಾಣಂತಿಯರ ಮೆದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ನೋಡುತ್ತಾ, ದಾಖಲಿಸುತ್ತಾ ಬಂದಿದ್ದಾರೆ. ನೀರು ಕಟ್ಟುವುದೂ ಇದಕ್ಕೆ ಒಂದು ಕಾರಣವಾಗಬಲ್ಲದು. ಬಾಣಂತಿ ಕೇಳಿದಷ್ಟು ನೀರು ಕೊಡಿ. ಗರ್ಭಿಣಿ ನಂಜು ಹೆರಿಗೆಯ ಬಳಿಕ ಆರು ವಾರದೊಳಗೂ ಕಾಣಿಸಿಕೊಳ್ಳಬಹುದಾದ್ದರಿಂದ, ಮಗುವನ್ನು ಲಸಿಕೆಗೆ ಕರೆದುಕೊಂಡು ಹೋದಾಗ ತಾಯಿಯ ಬಿಪಿಯನ್ನೂ ನೋಡಿಸಿ ಬನ್ನಿ.